ಇಂಟಿಪೇರು ಕೇಳೋ ಊರಲ್ಲಿ ಪುಷ್ಪರಾಜ್‌ಗೆ ಸೀಟಿ

ವರ್ಗವಾಗಿ ನಂಗಲಿಗೆ ಬಂದೆ. ಆಂಧ್ರದ ಗಡಿ, ಬೀದಿ ತುಂಬ ತೆಲುಗು, ಆಟೋ ಹಿಂದೆಲ್ಲ ಅಲ್ಲು ಅರ್ಜುನ್. ಬಾಡಿಗೆ ಮನೆ ಕೇಳೋಕೆ ಹೋದೆ. ಕನ್ನಡದಲ್ಲಿ ಸಂಬಳ ವಿಚಾರಿಸಿದ ಯಜಮಾನರು ಮೆಲ್ಲಗೆ ತೆಲುಗಿಗೆ ಹೊರಳಿದರು: ‘ಮೀ ಇಂಟಿಪೇರು ಏಮಿ ಸಾರ್?’ ಕೇಳ್ತಿರೋದು ಏನಂತ ಗೊತ್ತಾಯ್ತು. ಜಾತಿನೇ ಹೇಳಿದೆ. ತಕ್ಷಣ ಮನೆ ಅವರ ನೆಂಟರಿಗೆ ಬೇಕಾಗಿಬಿಡ್ತು!

ಪಕ್ಕದಲ್ಲಿದ್ದ ಮಗನ ಮೊಬೈಲ್ ಮೇಲೆ ಪುಷ್ಪ. 2021ರ ಆ ಸಿನಿಮಾದಲ್ಲಿ ನಾಯಕನಿಗೆ ಅವಮಾನ ಆಗೋದೇ ಇಂಟಿಪೇರು ಹೇಳ್ಕೊಳ್ಳೋ ಹಕ್ಕಿಲ್ಲ ಅಂತ. ಅದನ್ನು ನೋಡಿ ಕುದಿಯೋಕೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋ ಜನ, ಮನೆಬಾಗಿಲಲ್ಲಿ ಅದೇ ಅವಮಾನ ಬಿಟ್ಟಿ ಹಂಚ್ತಾರೆ. ಇದೇ ಜಿಲ್ಲೆಯ ಉಳ್ಳೇರಹಳ್ಳೀಲಿ 2022ರಲ್ಲಿ ದೇವರ ಕೋಲು ಮುಟ್ಟಿದ ನಮ್ಮ ಹುಡುಗನಿಗೆ 60 ಸಾವಿರ ದಂಡ ಹಾಕಿದರಲ್ಲ, ಅವನಿಗ್ಯಾರು ಸೀಟಿ ಹೊಡೆದರು?

ಈಗ ದಿನಾ ಮುಳಬಾಗಿಲಿಂದ ಬಸ್ಸು. ಬಸ್ಸಲ್ಲೂ ಅದೇ ಹಾಡು. ಜೈಭೀಮ್.