ಹೆಚ್ಚಿದ ಸಕ್ಕರೆಯೂ ಹೆಚ್ಚಿದ ಆತುರವೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಮಂಡಕಳ್ಳಿ ಎಂಬ ಊರಿದೆ. ವಿಮಾನ ನಿಲ್ದಾಣದ ದೆಸೆಯಿಂದ ಆ ಹೆಸರು ಈಗ ಹಲವರಿಗೆ ಪರಿಚಿತ. ಆ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ಭೌತಶಾಸ್ತ್ರದ ತರಗತಿಯಲ್ಲಿದ್ದಳು. ಎಳೆಯ ವಯಸ್ಸಿನಿಂದಲೇ ಆಕೆಗೆ ಮಧುಮೇಹ. ಇನ್‌ಸುಲಿನ್ ಚುಚ್ಚಿಕೊಳ್ಳದೆ ಆಕೆಯ ದಿನ ಸಾಗದು. ಈ ಸಂಗತಿ ನಮಗೆ ತಿಳಿದುದು ತಡವಾಗಿ, ಅದೂ ನಾವು ನಾಚಿಕೊಳ್ಳಬೇಕಾದ ಸಂದರ್ಭದಲ್ಲಿ.

ಒಂದು ದಿನ ಪ್ರಯೋಗಶಾಲೆಯಲ್ಲಿ ಆಕೆ ವರ್ನಿಯರ್ ಅಳತೆಯನ್ನು ಮೂರು ಸಲ ತಪ್ಪಾಗಿ ಓದಿದಳು. ಹಣೆ ಬೆವೆತಿತ್ತು, ಕೈ ನಡುಗುತ್ತಿತ್ತು. “ಸಾರ್, ಐದು ನಿಮಿಷ ಹೊರಗೆ ಹೋಗಿ ಬರಲೇ?” ಎಂದು ಕೇಳಿದಳು. “ಮೊದಲು ಇದನ್ನು ಮುಗಿಸಮ್ಮ” ಎಂದೆವು. ಪಕ್ಕದಲ್ಲಿದ್ದ ಗೆಳತಿ ನಮ್ಮ ಅಪ್ಪಣೆಗೆ ಕಾಯದೆ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಆಕೆಯ ಚೀಲದಲ್ಲಿದ್ದ ಪುಟ್ಟ ಅಳತೆಯಂತ್ರ ಆಗ ತೋರಿಸಿದ ಅಂಕಿ 52.

ಬೆಳಗ್ಗೆ ಅದೇ ಯಂತ್ರ 310 ಎಂದು ತೋರಿಸಿತ್ತಂತೆ. ಆಕೆ ಇನ್‌ಸುಲಿನ್ ಚುಚ್ಚಿಕೊಂಡಳು. ಒಂದು ಗಂಟೆಯ ಮೇಲೆ ನೋಡಿದರೆ 270. ಮನೆಯವರು ಗಾಬರಿಗೊಂಡರು, ನಿನ್ನೆ ಏನು ತಿಂದೆ ಎಂದು ಗದರಿದರು. ಆಕೆ ಮತ್ತೊಮ್ಮೆ ಅಷ್ಟೇ ಮದ್ದನ್ನು ಚುಚ್ಚಿಕೊಂಡು, ತಿಂಡಿಯನ್ನೂ ಬಿಟ್ಟು ಬಸ್ಸು ಹತ್ತಿದಳು. ಮೊದಲನೆಯ ಮದ್ದು ಆಗ ತಾನೆ ಕೆಲಸಕ್ಕೆ ತೊಡಗಿತ್ತು ಎಂಬುದನ್ನು ಅಲ್ಲಿ ಯಾರೂ ಯೋಚಿಸಲಿಲ್ಲ.

ಈ ಅಂಕಿಗಳ ಅರ್ಥವನ್ನು ಕೊಂಚ ವಿಚಾರಿಸೋಣ. ರಕ್ತದ ಒಂದು ಡೆಸಿಲೀಟರಿನಲ್ಲಿ, ಎಂದರೆ ನೂರು ಮಿಲಿಲೀಟರಿನಲ್ಲಿ, ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಎಂಬುದನ್ನು ಅವು ಹೇಳುತ್ತವೆ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರು ರಕ್ತವುಂಟು. ಅಂಕಿ 100 ಇದ್ದರೆ ಅಷ್ಟೂ ರಕ್ತದಲ್ಲಿರುವ ಗ್ಲೂಕೋಸ್ ಕೇವಲ 5 ಗ್ರಾಂ, ಒಂದು ಚಹಾ ಚಮಚದಷ್ಟು. 310 ಎಂದರೆ ಮೂರು ಚಮಚ. ಇಷ್ಟು ಕಿರಿದಾದ ಮೊತ್ತವನ್ನು ಆರೋಗ್ಯವಂತನ ಮೇದೋಜೀರಕ ಗ್ರಂಥಿ ಕ್ಷಣಕ್ಷಣವೂ ಅಳೆದು, ಬೇಕಾದಷ್ಟೇ ಇನ್‌ಸುಲಿನ್ನನ್ನು ರಕ್ತಕ್ಕೆ ಸುರಿಸುತ್ತದೆ. ಆ ಸೂಕ್ಷ್ಮವಾದ ಕೆಲಸವನ್ನು ಹೊರಗಿನಿಂದ, ಸೂಜಿಯ ಮೂಲಕ ಮಾಡುವುದು ಸುಲಭವಲ್ಲ. ಚರ್ಮದ ಕೆಳಗೆ ಚುಚ್ಚಿದ ಮದ್ದು ರಕ್ತಕ್ಕೆ ಸೇರಲು ಕಾಲ ಹಿಡಿಯುತ್ತದೆ. ರೆಗ್ಯುಲರ್ ಎಂದು ಕರೆಯುವ ಇನ್‌ಸುಲಿನ್ ಸುಮಾರು ಅರ್ಧ ಗಂಟೆಯ ಮೇಲೆ ಕೆಲಸ ಆರಂಭಿಸಿ, ಎರಡರಿಂದ ನಾಲ್ಕು ಗಂಟೆಗಳಲ್ಲಿ ತನ್ನ ಪೂರ್ಣ ಬಲವನ್ನು ತೋರಿ, ಆರೇಳು ಗಂಟೆಗಳವರೆಗೂ ಉಳಿಯುತ್ತದೆ. ಈಚಿನ ಶೀಘ್ರಗಾಮಿ ಬಗೆಗಳು ಕಾಲು ಗಂಟೆಯಲ್ಲಿ ಆರಂಭಿಸಿದರೂ, ಅವುಗಳ ಪ್ರಭಾವ ನಾಲ್ಕು ಗಂಟೆಗಳವರೆಗೆ ಇರಬಲ್ಲದು. ಈ ಅವಧಿಯೊಳಗೆ ಮತ್ತೆ ಮತ್ತೆ ಚುಚ್ಚಿದರೆ ಮದ್ದಿನ ಮೇಲೆ ಮದ್ದು ಪೇರಿಕೊಳ್ಳುತ್ತದೆ.

ಮಂಡಕಳ್ಳಿಯ ಓಡುಪಥದ ಕಡೆಗೆ ಇಳಿದುಬರುವ ವಿಮಾನವನ್ನು ನೆನೆಯಿರಿ. ಎತ್ತರವನ್ನು ತೋರಿಸುವ ಒಂದೇ ಅಂಕಿಯನ್ನು ನೆಚ್ಚಿ ಚಾಲಕನು ವಿಮಾನವನ್ನು ಇಳಿಸುವುದಿಲ್ಲ. ಎಷ್ಟು ವೇಗದಲ್ಲಿ ಇಳಿಯುತ್ತಿದ್ದೇನೆ, ಈಗಾಗಲೇ ಮಾಡಿದ ತಿದ್ದುಪಡಿ ಇನ್ನೆಷ್ಟು ಫಲ ಕೊಡಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಇನ್‌ಸುಲಿನ್ ಬಳಸುವವರಿಗೂ ಇದೇ ಲೆಕ್ಕ ಬೇಕು. ಒಂದು ಗಂಟೆಯಲ್ಲಿ 310 ಇದ್ದುದು 270 ಆಯಿತೆಂದರೆ ಮದ್ದು ಸೋತಿತೆಂದಲ್ಲ. ಇಳಿತ ಆರಂಭವಾಗಿದೆ ಎಂದರ್ಥ.

ಮದ್ದಿನ ಗುಣವೂ ಅಪಾಯವೂ ಒಟ್ಟಿಗೇ ತಿಳಿದುಬಂದವು ಎಂಬುದು ಗಮನಿಸತಕ್ಕ ಸಂಗತಿ. ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್‌ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಚುಚ್ಚಿದಾಗ ಹೆಚ್ಚಿನ ಫಲ ಕಾಣಲಿಲ್ಲ. ಅವರ ಸಹೋದ್ಯೋಗಿ ಕಾಲಿಪ್ ಶುದ್ಧಿಗೊಳಿಸಿದ ಮದ್ದನ್ನು ಅದೇ ತಿಂಗಳ 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅದೇ ಕಾಲಿಪ್ ಮೊಲಗಳ ಮೇಲೆ ಪರೀಕ್ಷೆ ನಡೆಸಿದಾಗ, ಮದ್ದು ಹೆಚ್ಚಾದರೆ ಅವು ಸೆಳೆತಕ್ಕೆ ಸಿಕ್ಕಿ ಬೀಳುವುದನ್ನೂ, ಗ್ಲೂಕೋಸ್ ಕೊಟ್ಟೊಡನೆ ಏಳುವುದನ್ನೂ ಕಂಡಿದ್ದ.

ಹಾಗಾದರೆ ಅಂಕಿ ಏರಿದಾಗ ಮಾಡತಕ್ಕದ್ದೇನು? ವೈದ್ಯರು ಬರೆದುಕೊಟ್ಟ ತಿದ್ದುಪಡಿಯ ಪ್ರಮಾಣವನ್ನು ತೆಗೆದುಕೊಂಡು, ಅವರು ಹೇಳಿದಷ್ಟು ಹೊತ್ತು ಕಾದು, ಮತ್ತೆ ಅಳೆಯುವುದು. ವೇಳೆ, ಅಂಕಿ, ಊಟ, ಮದ್ದು ಇವನ್ನು ಪುಸ್ತಕದಲ್ಲಿ ಗುರುತಿಸುವುದು. ಬಳಿಕ ಕಾರಣವನ್ನು ಹುಡುಕುವುದು. ಹೆಚ್ಚು ತಿಂದುದೊಂದೇ ಕಾರಣವಲ್ಲ. ಜ್ವರ ಬಂದರೂ ಸಕ್ಕರೆ ಏರುತ್ತದೆ. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಅಲ್ಲಿ ಗಂಟು ಕಟ್ಟಿದರೆ ಮದ್ದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಕಾದ ಮದ್ದು ಶಕ್ತಿಗುಂದುತ್ತದೆ. ಮಾವಿನ ಹಣ್ಣು ಹಿಡಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಯಂತ್ರ ಸುಳ್ಳು ಹೇಳುತ್ತದೆ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳೂ 100 ಯೂನಿಟ್ ಇರುವವೂ ಸಿಗುತ್ತವೆ. ಒಂದೊಂದಕ್ಕೂ ಬೇರೆ ಸಿರಿಂಜು. 40ರ ಮದ್ದನ್ನು 100ರ ಸಿರಿಂಜಿನಲ್ಲಿ ಹತ್ತನೆಯ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಹತ್ತು ಯೂನಿಟ್ಟಲ್ಲ, ನಾಲ್ಕು. ಮಾನವನ್ನು ಮರೆತರೆ ಉತ್ತರ ತಪ್ಪುವುದೆಂದು ತರಗತಿಯಲ್ಲಿ ಹೇಳುತ್ತೇವಷ್ಟೆ. ಇಲ್ಲಿ ಕೆಡುವುದು ಆರೋಗ್ಯ.

ಆದರೆ ಕಾಯಬಾರದ ಸಂದರ್ಭವೂ ಉಂಟು. ಅಂಕಿ 250ನ್ನು ಮೀರಿ ಇಳಿಯದೆ ನಿಂತರೆ, ಕಾಯಿಲೆಯಿಂದ ಮಲಗಿದ್ದರೆ, ಮೂತ್ರದಲ್ಲಿಯೋ ರಕ್ತದಲ್ಲಿಯೋ ಕೀಟೋನುಗಳನ್ನು ಪರೀಕ್ಷಿಸಬೇಕು. ಇನ್‌ಸುಲಿನ್ ಸಾಲದಾದಾಗ ದೇಹವು ಕೊಬ್ಬನ್ನು ಉರಿಸಿ ಈ ಆಮ್ಲಗಳನ್ನು ಹುಟ್ಟಿಸುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಊಟ ಸೇರದೆಂದು ಇನ್‌ಸುಲಿನ್ನನ್ನು ತಾವಾಗಿ ನಿಲ್ಲಿಸುವುದು ಪ್ರಾಣಾಪಾಯ. ಇನ್ನು ಅಂಕಿ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, ಕಾಲು ಗಂಟೆಯ ಮೇಲೆ ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಇಷ್ಟೆಲ್ಲವನ್ನೂ ಹದಿನೇಳರ ಹುಡುಗಿ ಪಾಠದ ನಡುವೆ, ಪರೀಕ್ಷೆಯ ನಡುವೆ ನಿರ್ವಹಿಸಬೇಕಾಗಿದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಏರಿದ ಅಂಕಿಗೆ ಬೈಗುಳ ಮದ್ದಲ್ಲ. ಬೈದರೆ ಮಕ್ಕಳು ಅಂಕಿಯನ್ನು ಬಚ್ಚಿಡುತ್ತಾರೆ, ಇಲ್ಲವೆ ಅದನ್ನು ಬೇಗ ಇಳಿಸಹೋಗಿ ಅಪಾಯಕ್ಕೆ ಸಿಲುಕುತ್ತಾರೆ. ಅಳೆಯಲು, ತಿನ್ನಲು, ಮದ್ದು ಚುಚ್ಚಿಕೊಳ್ಳಲು ತರಗತಿಯಲ್ಲಿ ಅಪ್ಪಣೆ ಬೇಡಬೇಕಾದ ಸ್ಥಿತಿಯೂ ತಪ್ಪಬೇಕು. ಸಿ.ಬಿ.ಎಸ್.ಇ. ಮಂಡಳಿಯು 2017ರಲ್ಲಿಯೇ ಇಂಥ ವಿದ್ಯಾರ್ಥಿಗಳು ಪರೀಕ್ಷೆಯ ಕೊಠಡಿಗೆ ತಿನಿಸು ಒಯ್ಯಲು ಅವಕಾಶ ಕೊಟ್ಟಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ, ಶಾಲೆಗಳಲ್ಲಿ ಅಳತೆಗೂ ಚುಚ್ಚುಮದ್ದಿಗೂ ಅನುವು ಮಾಡಿಕೊಡಬೇಕೆಂದು ರಾಜ್ಯಗಳಿಗೆ ಬರೆಯಿತು. ಕಾಗದದ ಮೇಲಿನ ಈ ಮಾತು ಪ್ರತಿಯೊಬ್ಬ ಉಪಾಧ್ಯಾಯರ ಮೇಜಿಗೂ ತಲಪಬೇಕು. ವಿದ್ಯಾರ್ಥಿಗಳೂ ಇದನ್ನು ತಿಳಿದಿರಬೇಕು. ಅಂದು ನಮ್ಮ ಪ್ರಯೋಗಶಾಲೆಯಲ್ಲಿ ಸಮಯಕ್ಕೆ ಒದಗಿದವಳು ಒಬ್ಬ ಗೆಳತಿಯೇ ಹೊರತು ಉಪಾಧ್ಯಾಯರಲ್ಲ.

ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಈಗ ವರ್ನಿಯರುಗಳ ಪಕ್ಕದಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪುಡಿ ಇದೆ. ಅದನ್ನು ತೆಗೆದುಕೊಳ್ಳಲು ಯಾರೂ ನಮ್ಮನ್ನು ಕೇಳಬೇಕಾಗಿಲ್ಲ.