ಕ್ಷುದ್ರಗ್ರಹದ ಮೇಲೆ ಗೂಬೆ ಕೂರಿಸಿದರೆ ಆಯಿತೇ?

ಮೊನ್ನೆ ಮಗಳ ಒತ್ತಾಯಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಕೊರಿಯಾದ ‘ದಿ ಗ್ರೇಟ್ ಫ್ಲಡ್’ ನೋಡಿದೆ. 2025ರ ಡಿಸೆಂಬರ್‌ನಲ್ಲಿ ಬಂದ ಚಿತ್ರ. ಮೊದಲರ್ಧ ಕೂತ ಜಾಗದಿಂದ ಏಳಲಿಲ್ಲ. ಸಿಯೋಲ್‌ನ ಬಹುಮಹಡಿ ಕಟ್ಟಡ, ಮೂರನೇ ಮಹಡಿಗೆ ನೀರು. ಮಗನನ್ನು ಹೊತ್ತು ತಾಯಿ ಮೆಟ್ಟಿಲು ಹತ್ತುತ್ತಾಳೆ, ಹಿಂದೆಯೇ ನೀರೂ ಹತ್ತುತ್ತದೆ. ಸಯನ್‌ನಲ್ಲಿ ಇಷ್ಟು ಮಳೆಗಾಲ ಕಳೆದವನಿಗೆ ಆ ನೀರಿನ ಪರಿಚಯ ಬೇರೆ ಮಾಡಿಸಬೇಕೇ?

ಆಮೇಲೆ ನೋಡಿ, ಕಥೆ ಇದ್ದಕ್ಕಿದ್ದಂತೆ ಸೈನ್ಸ್ ಫಿಕ್ಷನ್! ಅಂಟಾರ್ಕ್ಟಿಕಾಕ್ಕೆ ಕ್ಷುದ್ರಗ್ರಹ ಬಡಿದದ್ದೇ ಪ್ರಳಯಕ್ಕೆ ಕಾರಣವಂತೆ. ಯಂತ್ರಕ್ಕೆ ತಾಯಿಯ ಮನಸ್ಸು ಕಲಿಸಲು ಅದೇ ಪ್ರಳಯವನ್ನು ಕಂಪ್ಯೂಟರಿನೊಳಗೆ ಸಾವಿರಾರು ಸಲ ಓಡಿಸುತ್ತಾರೆ. ತಾಯಿಯ ಅಂಗಿಯ ಮೇಲಿನ ಅಂಕಿ ಏರುತ್ತಾ ಹೋಗುತ್ತದೆ. ಈ ಸಲ ಮಗ ಸಿಗದಿದ್ದರೆ ಮುಂದಿನ ಸಲ.

“ಸೂಪರ್ ಅಲ್ವಾ ಅಪ್ಪಾ?” ಅಂದಳು ಮಗಳು. ನನಗೆ ಸಿಟ್ಟು ಬಂದಿತ್ತು.

ಸಿಯೋಲ್‌ಗೆ ನಿಜವಾದ ನೆರೆ ಗೊತ್ತಿಲ್ಲವೇ? 2022ರ ಆಗಸ್ಟ್‌ನಲ್ಲಿ ಅಲ್ಲಿ ನೆಲಮಟ್ಟಕ್ಕಿಂತ ಕೆಳಗಿದ್ದ ಮನೆಯೊಂದರಲ್ಲಿ ಒಂದೇ ಕುಟುಂಬದ ಮೂವರು ಮುಳುಗಿ ಸತ್ತರು. ಅವರನ್ನು ಕೊಂದದ್ದು ಕ್ಷುದ್ರಗ್ರಹವಲ್ಲ. ಬಡವರಿಗೆ ನೆಲದಡಿಯ ಮನೆಯೇ ಗತಿ ಅನ್ನುವ ವ್ಯವಸ್ಥೆ.

ನಮ್ಮದೂ ಅದೇ ಕಥೆ. 2005ರ ಜುಲೈ 26ರಂದು ಕುರ್ಲಾದಿಂದ ಸಯನ್‌ಗೆ ಎದೆಮಟ್ಟದ ನೀರಿನಲ್ಲಿ, ಗುರುತಿಲ್ಲದವರ ಕೈ ಹಿಡಿದು ನಡೆದು ಬಂದವನು ನಾನು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ. ಆಕಾಶದ ತಪ್ಪು, ಒಪ್ಪಿದೆ. ಆದರೆ ಗಂಟೆಗೆ 25 ಮಿ.ಮೀ. ಮಳೆ, ಅದೂ ಸಮುದ್ರ ಇಳಿತವಿದ್ದಾಗ ಮಾತ್ರ ತಾಳುವ ಚರಂಡಿ ಯಾರದು? ಅದನ್ನು ಸರಿಪಡಿಸುವ ‘ಬ್ರಿಮ್‌ಸ್ಟೋವಾಡ್’ ವರದಿ 1993ರಲ್ಲೇ ಬಂದಿತ್ತಲ್ಲ! ಮೀಠಿ ನದಿಯ ದಡದ ಜೌಗು, ಕಾಂಡ್ಲಾಕಾಡು ತುಂಬಿಸಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎಬ್ಬಿಸಿದವರು ಯಾರು? ನಮ್ಮಂಥ ಬ್ಯಾಂಕಿನವರೇ ಅಲ್ಲಿ ಏಸಿ ಹಾಕಿಕೊಂಡು ಕೂತಿದ್ದೇವೆ, ನನ್ನನ್ನೂ ಸೇರಿಸಿಕೊಳ್ಳಿ.

ಉತ್ತರ ಕೊಡುವ ಬದಲು ಮರುದಿನವೇ ‘ಮುಂಬೈ ಸ್ಪಿರಿಟ್’ ಎಂಬ ಕಥೆ ಕಟ್ಟಿದರು. ಅದು ನಮ್ಮ ಸೈನ್ಸ್ ಫಿಕ್ಷನ್. ಬಿಸ್ಕೆಟ್, ಚಹಾ ಕೊಟ್ಟವರನ್ನು ನಾನು ಮರೆತಿಲ್ಲ. ಆದರೆ ಅವರ ಒಳ್ಳೆಯತನ ತೋರಿಸಿ ಹೊಣೆಗಾರರನ್ನು ಬಚ್ಚಿಡುವುದು, ತಾಳೆಯಾಗದ ಲೆಕ್ಕವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಬ್ಯಾಲೆನ್ಸ್ ಶೀಟ್‌ಗೆ ಸಹಿ ಹಾಕಿದಂತೆ.

ಕೋಟೆ ಕೊಳ್ಳೆ ಹೊಡೆದ ಮೇಲಾದರೂ ದಿಡ್ಡಿ ಬಾಗಿಲು ಹಾಕುತ್ತಾರೆ. ಇಲ್ಲಿ ಅದೂ ಇಲ್ಲ. ಸಯನ್, ಕಿಂಗ್ಸ್ ಸರ್ಕಲ್ ಕಡೆಯ ನೀರು ಎತ್ತಬೇಕಿದ್ದ ಮಾಹುಲ್ ಪಂಪಿಂಗ್ ಸ್ಟೇಷನ್ 2025ರ ಮಳೆಗಾಲಕ್ಕೂ ಸಿದ್ಧವಾಗಲಿಲ್ಲ.

“ಅದು ಬರೀ ಸಿನಿಮಾ ಅಪ್ಪಾ” ಅಂತಾಳೆ ಮಗಳು. ಇರಬಹುದು. ಆದರೆ ನಮ್ಮ ಕಟ್ಟಡದ ನೆಲಮಹಡಿಯವರು ಈಗಲೂ ಮೇ ತಿಂಗಳು ಮುಗಿಯುವುದರೊಳಗೆ ಅಕ್ಕಿ ಡಬ್ಬ, ಮಕ್ಕಳ ಸರ್ಟಿಫಿಕೇಟು ಅಟ್ಟಕ್ಕೆ ಏರಿಸುತ್ತಾರೆ. ಅವರಿಗೆ ‘ಮುಂದಿನ ಸಲ’ ಅಂದರೆ ಇನ್ನೊಂದು ಮಳೆಗಾಲ, ಅಷ್ಟೇ. ಅವರಿಗೆ ಯಾವ ಕ್ಷುದ್ರಗ್ರಹದ ಹೆಸರು ಹೇಳೋಣ, ನೀವೇ ಹೇಳಿ?