ಬೆರಳು ಬಿಡಿಸಲು ಆಸ್ಪತ್ರೆ ಸೇರಲೇಬೇಕೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ಆ ಹಣ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಖಾಸಗಿ ವಿಮೆಗಳಲ್ಲಿ ಹೆಚ್ಚಿನವುಗಳ ಕಥೆಯೂ ಅದೇ. ಸಿಸ್ಟೆಮಿಕ್ ಸ್ಕ್ಲೆರೋಸಿಸ್ ರೋಗಿಯ ಕೈಗೆ ಬೇಕಾದ ಚಿಕಿತ್ಸೆಯಾದರೋ ಹೊರರೋಗಿ ವಿಭಾಗದಲ್ಲಿ, ಮನೆಯಲ್ಲಿ ನಡೆಯುವಂಥದ್ದು. ಬೆರಳ ವ್ಯಾಯಾಮಕ್ಕೆ ಯಾರು ಅಡ್ಮಿಟ್ ಆಗುತ್ತಾರೆ?

ಈ ಕಾಯಿಲೆ ಹೆಚ್ಚಾಗಿ ಕಾಡುವುದು ಹೆಂಗಸರನ್ನು, ಅದೂ ದುಡಿಯುವ ವಯಸ್ಸಿನಲ್ಲಿ. ಮೊದಲು ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುತ್ತದೆ. ಬರಬರುತ್ತ ಚರ್ಮ ಬಿಗಿದು ಬೆರಳು ಬಾಗಿದಲ್ಲೇ ನಿಲ್ಲುತ್ತದೆ, ತುದಿಯಲ್ಲಿ ಹುಣ್ಣಾಗುತ್ತದೆ. ರವಿಕೆಯ ಹುಕ್ಕು ಹಾಕಲಾಗದು, ಅನ್ನ ಕಲಸಲಾಗದು, ಬಟ್ಟೆ ಹಿಂಡಲಾಗದು. ಶ್ವಾಸಕೋಶಕ್ಕೆ ಸ್ಕ್ಯಾನ್, ಹೃದಯಕ್ಕೆ ಎಕೋ ಬರೆಯುವ ವೈದ್ಯರು (ಬರೆಯಲೇಬೇಕು, ಜೀವಕ್ಕೆ ಕುತ್ತು ಅಲ್ಲಿಂದಲೇ) ಕೈಯ ವಿಷಯ ಬಂದಾಗ ‘ಎಕ್ಸರ್‌ಸೈಜ್ ಮಾಡ್ತಾ ಇರಿ’ ಎಂದು ಚೀಟಿ ಮುಗಿಸುತ್ತಾರೆ. ಯಾವ ಎಕ್ಸರ್‌ಸೈಜ್, ಎಷ್ಟು ಹೊತ್ತು, ಹುಣ್ಣಿದ್ದರೆ ಬಿಸಿ ಮೇಣದಲ್ಲಿ ಕೈ ಅದ್ದಬಹುದೇ? ಹೇಳುವವರಿಲ್ಲ.

ಈ ಕೈಚಿಕಿತ್ಸೆಗೆ ಹಣ ಕೊಡಿ ಎಂದರೆ ಸಿದ್ಧ ಉತ್ತರವೊಂದಿದೆ: ಪುರಾವೆ ಸಾಲದು. ಅದು ಅರ್ಧ ನಿಜ. ಜಪಾನಿನಲ್ಲಿ 45 ರೋಗಿಗಳು ತಾವೇ ಬೆರಳು ಹಿಗ್ಗಿಸುವ ವ್ಯಾಯಾಮ ಮಾಡಿ ತಿಂಗಳಲ್ಲೇ ಚಲನೆ ಸುಧಾರಿಸಿಕೊಂಡರು, ಸುಧಾರಣೆ ವರ್ಷದವರೆಗೂ ಉಳಿಯಿತು ಎನ್ನುತ್ತದೆ 2006ರ ವರದಿ. ಹೋಲಿಸಿ ನೋಡಲು ವ್ಯಾಯಾಮ ಮಾಡದ ಗುಂಪು ಮಾತ್ರ ಅದರಲ್ಲಿರಲಿಲ್ಲ. ಬೇಡವೆನ್ನುವವರ ಕೈಗೆ ಸಿಕ್ಕ ದೊಡ್ಡ ಅಸ್ತ್ರ, 220 ರೋಗಿಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ. 12 ತಿಂಗಳ ಕೊನೆಗೆ ಫಿಸಿಯೋಥೆರಪಿ ಪಡೆದವರಿಗೂ ಎಂದಿನ ಚಿಕಿತ್ಸೆಯಲ್ಲೇ ಇದ್ದವರಿಗೂ ಒಟ್ಟಾರೆ ಅಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ.

ಅದೇ ವರದಿಯ ಇನ್ನೊಂದು ಭಾಗವನ್ನೂ ಓದಬೇಕಲ್ಲ? ಥೆರಪಿಸ್ಟ್ ಎದುರಿಗೆ ನಿಂತು ಮಾಡಿಸಿದ ಮೊದಲ ತಿಂಗಳ ಕೊನೆಗೆ ಲಾಭ ಕಂಡಿತ್ತು. ಆಮೇಲೆ ವ್ಯಾಯಾಮವನ್ನು ಮನೆಗೆ ಬಿಡಲಾಯಿತು. ಬಿಪಿ ಮಾತ್ರೆಯನ್ನು ತಿಂಗಳು ನುಂಗಿಸಿ ನಿಲ್ಲಿಸಿ, ವರ್ಷ ಕಳೆದ ಮೇಲೆ ಬಿಪಿ ಅಳೆದು, ಮಾತ್ರೆ ಕೆಲಸಕ್ಕೆ ಬಾರದು ಎನ್ನುತ್ತೇವೆಯೇ? ನನಗೆ ಆ ಪ್ರಯೋಗದಲ್ಲಿ ಕಾಣುವುದು ಥೆರಪಿಯ ಸೋಲಲ್ಲ, ಉಸ್ತುವಾರಿ ಬೇಗ ಮುಗಿಸಿದ್ದರ ಫಲ.

ಹೊರರೋಗಿ ಕೈಚಿಕಿತ್ಸೆಯನ್ನು ಸರ್ಕಾರ ಯೋಜನೆಯ ಪಟ್ಟಿಗೆ ಸೇರಿಸಲಿ, ಒಂದು ತಿಂಗಳಿಗಲ್ಲ, ವರ್ಷವಿಡೀ. ರೋಗ ಗೊತ್ತಾದ ಕೂಡಲೇ, ಬೆರಳು ಇನ್ನೂ ಸಡಿಲವಿರುವಾಗಲೇ, ವೈದ್ಯರು ರೋಗಿಯನ್ನು ಫಿಸಿಯೋ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಕಳಿಸಲಿ. ಪುರಾವೆ ಸಾಲದೆನ್ನುವ ಅಧಿಕಾರಿಗಳು ಹಾಗೆ ಬಂದವರ ಬೆರಳ ಚಲನೆಯನ್ನು ಇಲ್ಲೇ ಅಳೆದು ಬರೆದಿಡಲಿ.